ಸರ್ವರ್‌ನಲ್ಲಿ ಎಲ್ಲರೂ ಬಳಸುವ ಫೋಲ್ಡರ್: 777 ಹೊಡೆಯದೆ ಪರ್ಮಿಷನ್ ಸರಿಮಾಡುವುದು ಹೇಗೆ

ವೆಬ್ ಸರ್ವರ್‌ನಲ್ಲಿ ನೀವೊಬ್ಬರೇ ಕೆಲಸ ಮಾಡುವಷ್ಟು ದಿನ ಪರ್ಮಿಷನ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಎರಡನೆಯವರು ಬಂದ ದಿನ ರಗಳೆ ಶುರು. ಅವರು ಒಂದು ಫೈಲ್ ಹಾಕುತ್ತಾರೆ, ನೀವು ಅದನ್ನು ತಿದ್ದಲು ಹೋದರೆ ‘ಪರ್ಮಿಷನ್ ಡಿನೈಡ್’. ನೀವು ಮಾಡಿದ ಫೋಲ್ಡರ್ ಒಳಗೆ ಅವರಿಗೆ ಏನೂ ಇಡಲು ಆಗುವುದಿಲ್ಲ. ಇಬ್ಬರೂ ಸೇರಿ ಇಟ್ಟ ಫೈಲನ್ನು ವೆಬ್ ಸರ್ವರ್ ಓದುತ್ತಿಲ್ಲ. ಆಗ ಯಾರಾದರೂ ಒಬ್ಬರು ಬಂದು ‘ಸುಮ್ನೆ 777 ಹೊಡಿ, ಸರಿಹೋಗುತ್ತೆ’ ಅನ್ನುತ್ತಾರೆ.

ಹೊಡೆದರೆ ನಿಜವಾಗಿಯೂ ಸರಿಹೋಗುತ್ತದೆ. ಅದಕ್ಕೇ ಈ ಅಭ್ಯಾಸ ಬಿಡುವುದು ಕಷ್ಟ. ಆದರೆ 777 ಅಂದರೆ ಆ ಯಂತ್ರದ ಮೇಲಿರುವ ಪ್ರತಿಯೊಂದು ಅಕೌಂಟ್‌ಗೂ ನಿಮ್ಮ ಫೈಲ್ ಬದಲಿಸುವ ಹಕ್ಕು ಕೊಟ್ಟ ಹಾಗೆ. ವೆಬ್ ಸರ್ವರ್ ಕೂಡ ಒಂದು ಅಕೌಂಟ್. ನಿಮ್ಮ ಸೈಟ್‌ನ ಯಾವುದೋ ಪ್ಲಗಿನ್‌ನಲ್ಲಿ ಒಂದು ತೂತು ಇದ್ದು, ಅದರ ಮೂಲಕ ಯಾರಾದರೂ ಒಳಗೆ ಬಂದರೆ, ಅವರು ಬರುವುದು ಆ ವೆಬ್ ಸರ್ವರ್ ಅಕೌಂಟ್‌ನ ಹೆಸರಿನಲ್ಲೇ. ಆಮೇಲೆ ಇಡೀ ಸೈಟ್ ಅವರ ಕೈಯಲ್ಲಿ. ಇನ್ನೊಂದು ವಿಷಯ, 777 ಹೊಡೆದರೂ ಸಮಸ್ಯೆ ಮುಗಿಯುವುದಿಲ್ಲ. ಅದು ಈಗ ಇರುವ ಫೈಲ್‌ಗಳಿಗೆ ಮಾತ್ರ ಅನ್ವಯ. ನಾಳೆ ಹುಟ್ಟುವ ಫೈಲ್ ಹಳೆಯ ರೀತಿಯಲ್ಲೇ ಹುಟ್ಟುತ್ತದೆ, ನೀವು ಮತ್ತೆ ಹೊಡೆಯುತ್ತೀರಿ, ಮುಂದಿನ ವಾರ ಮತ್ತೊಮ್ಮೆ.

ನಾವು ಮಾಡಬೇಕಾದದ್ದು ಬೇರೆ. ಹಕ್ಕನ್ನು ವ್ಯಕ್ತಿಗೆ ಕೊಡದೆ ಗ್ರೂಪ್‌ಗೆ ಕೊಡಬೇಕು, ಮತ್ತು ಹೊಸ ಫೈಲ್ ಹುಟ್ಟುವಾಗಲೇ ಸರಿಯಾಗಿ ಹುಟ್ಟುವ ಹಾಗೆ ಫೋಲ್ಡರ್‌ಗೇ ನಿಯಮ ಕಲಿಸಬೇಕು. ಒಮ್ಮೆ ಕೂತು ಮಾಡಿದರೆ ವರ್ಷಗಟ್ಟಲೆ ಮತ್ತೆ ಮುಟ್ಟಬೇಕಾಗಿಲ್ಲ.

ಇದೆಲ್ಲ ಲಿನಕ್ಸ್ ಸರ್ವರ್‌ಗೆ ಬರೆದದ್ದು. ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಉದಾಹರಣೆಗೆ ಸಿಎಚ್‌ಮಾಡ್ ಅಂದರೆ ಸಿ, ಎಚ್, ಎಂ, ಓ, ಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಸೈಟ್ ಇರುವ ಜಾಗ /ಎಸ್‌ಆರ್‌ವಿ/ಸೈಟ್ ಅಂತಲೂ, ಗ್ರೂಪ್ ಹೆಸರು ವೆಬ್‌ಟೀಮ್ ಅಂತಲೂ ಇಟ್ಟುಕೊಳ್ಳೋಣ.

ಮೊದಲು ಯಾರು ಯಾರು ಇದ್ದಾರೆ ನೋಡಿ

ಪ್ರತಿ ಫೈಲ್‌ಗೂ ಒಬ್ಬ ಓನರ್, ಒಂದು ಗ್ರೂಪ್. ಉಳಿದವರೆಲ್ಲ ‘ಇತರರು’. 1970ರ ದಶಕದ ಯುನಿಕ್ಸ್‌ನಿಂದ ಬಂದ ಈ ಮೂರು ಖಾನೆಗಳ ಲೆಕ್ಕವೇ ಇವತ್ತಿಗೂ ನಡೆಯುತ್ತಿದೆ.

ಒಂದು ಸೂಕ್ಷ್ಮ ಇದೆ, ತುಂಬಾ ಜನ ಇಲ್ಲೇ ಎಡವುತ್ತಾರೆ. ನೀವು ಫೈಲ್ ಮುಟ್ಟಿದಾಗ ಸಿಸ್ಟಮ್ ಮೂರು ಖಾನೆಗಳನ್ನೂ ಕೂಡಿಸಿ ನೋಡುವುದಿಲ್ಲ. ನೀವೇ ಓನರ್ ಆಗಿದ್ದರೆ ಓನರ್ ಖಾನೆ ಮಾತ್ರ ನೋಡುತ್ತದೆ. ಓನರ್ ಅಲ್ಲ, ಗ್ರೂಪ್‌ನಲ್ಲಿ ಇದ್ದೀರಿ ಅಂದರೆ ಗ್ರೂಪ್ ಖಾನೆ ಮಾತ್ರ. ಎರಡೂ ಅಲ್ಲದಿದ್ದರೆ ಇತರರ ಖಾನೆ. ಮೊದಲು ಯಾವುದು ಹೊಂದುತ್ತದೋ ಅಲ್ಲಿಗೆ ತೀರ್ಮಾನ ಮುಗಿಯಿತು. ಹಾಗಾಗಿ ಇತರರಿಗೆ ಓದುವ ಹಕ್ಕು ಇದ್ದು ಗ್ರೂಪ್‌ಗೆ ಇಲ್ಲದಿದ್ದರೆ, ಗ್ರೂಪ್‌ನಲ್ಲಿರುವ ಪಾಪದವರಿಗೆ ಮಾತ್ರ ಓದಲು ಆಗುವುದಿಲ್ಲ.

ಈಗ ವೆಬ್ ಸರ್ವರ್ ಯಾವ ಹೆಸರಿನಲ್ಲಿ ಓಡುತ್ತಿದೆ ಅಂತ ಹುಡುಕಿ. ಡೆಬಿಯನ್, ಉಬುಂಟುಗಳಲ್ಲಿ ಅದರ ಹೆಸರು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ. ರೆಡ್ ಹ್ಯಾಟ್ ಬಳಗದಲ್ಲಿ ಅಪಾಚೆ ಸರ್ವರ್ ಅಪಾಚೆ ಅನ್ನುವ ಹೆಸರಿನಲ್ಲೇ ಓಡುತ್ತದೆ. ಎಂಜಿನ್‌ಎಕ್ಸ್ ಹಾಕಿದ್ದರೆ ಎಂಜಿನ್‌ಎಕ್ಸ್ ಅಂತಲೂ ಇರಬಹುದು. ಊಹೆ ಮಾಡಬೇಡಿ. ‘ಪಿಎಸ್ ಎಯುಎಕ್ಸ್’ ಅಂತ ಕೊಟ್ಟು ಮೊದಲ ಕಾಲಂ ನೋಡಿ. ರೂಟ್ (ಎಲ್ಲ ಹಕ್ಕೂ ಇರುವ ಮುಖ್ಯ ಅಕೌಂಟ್) ಹೆಸರಿನಲ್ಲಿ ಒಂದು ಸಾಲು ಕಾಣಿಸುತ್ತದೆ, ಅದು ಮುಖ್ಯ ಪ್ರೋಸೆಸ್. ಅದರ ಕೆಳಗಿನ ವರ್ಕರ್ ಪ್ರೋಸೆಸ್‌ಗಳ ಹೆಸರು ನಮಗೆ ಬೇಕು. ಪಿಎಚ್‌ಪಿ-ಎಫ್‌ಪಿಎಂ (ಪಿಎಚ್‌ಪಿ ಕೋಡನ್ನು ಬೇರೆಯಾಗಿ ಓಡಿಸುವ ಸರ್ವೀಸ್) ಬಳಸುತ್ತಿದ್ದರೆ ಅದನ್ನು ಬೇರೆಯಾಗಿ ನೋಡಿ, ಯಾಕೆಂದರೆ ಚಿತ್ರ, ಸಿಎಸ್‌ಎಸ್ ಓದಿ ಕೊಡುವವರು ಒಬ್ಬರು, ಪಿಎಚ್‌ಪಿ ಓಡಿಸುವವರು ಇನ್ನೊಬ್ಬರು ಆಗಿರಬಹುದು. ಚಿತ್ರ ಕಾಣಿಸುತ್ತೆ, ಪೇಜ್ ಮಾತ್ರ ಬರಲ್ಲ ಅನ್ನುವ ದೂರು ಬಂದರೆ ನಾನು ಮೊದಲು ನೋಡುವ ಜಾಗ ಇದೇ.

ಅಕ್ಷರಗಳ ಅರ್ಥ, ಫೋಲ್ಡರ್‌ಗೆ ಬೇರೆ

ಓದಲು 4 (ಅಕ್ಷರದಲ್ಲಿ ಆರ್), ಬರೆಯಲು 2 (ಡಬ್ಲ್ಯೂ), ಓಡಿಸಲು 1 (ಎಕ್ಸ್). ಕೂಡಿಸಿ 7 ಆದರೆ ಎಲ್ಲವೂ. 664 ಅಂದರೆ ಓನರ್‌ಗೆ ಓದು-ಬರಹ, ಗ್ರೂಪ್‌ಗೂ ಓದು-ಬರಹ, ಇತರರಿಗೆ ಬರೀ ಓದು. ಇಷ್ಟು ಎಲ್ಲರಿಗೂ ಗೊತ್ತು.

ಫೋಲ್ಡರ್ ವಿಷಯಕ್ಕೆ ಬಂದರೆ ಇದೇ ಅಕ್ಷರಗಳ ಅರ್ಥ ಬದಲಾಗುತ್ತದೆ. ಫೋಲ್ಡರ್ ಅಂದರೆ ಹೆಸರುಗಳ ಒಂದು ಪಟ್ಟಿ ಅಂದುಕೊಳ್ಳಿ. ಓದುವ ಹಕ್ಕು ಇದ್ದರೆ ಪಟ್ಟಿ ನೋಡಬಹುದು. ಬರೆಯುವ ಹಕ್ಕು ಇದ್ದರೆ ಪಟ್ಟಿಗೆ ಹೆಸರು ಸೇರಿಸಬಹುದು, ಅಳಿಸಬಹುದು. ಎಕ್ಸ್ ಇದ್ದರೆ ಫೋಲ್ಡರ್ ದಾಟಿ ಒಳಗೆ ಹೋಗಬಹುದು. ಎಕ್ಸ್ ಇಲ್ಲದೆ ಬರೀ ಬರೆಯುವ ಹಕ್ಕು ಕೊಟ್ಟರೆ ಏನೂ ಉಪಯೋಗವಿಲ್ಲ, ಬಾಗಿಲೇ ದಾಟಲು ಆಗದವರು ಒಳಗೆ ಏನು ಬರೆಯುತ್ತಾರೆ?

ಫೈಲ್ ಅಳಿಸುವುದಕ್ಕೂ ಆ ಫೈಲ್‌ನ ಪರ್ಮಿಷನ್‌ಗೂ ಸಂಬಂಧವೇ ಇಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಒಮ್ಮೆ ಮಾಡಿ ನೋಡಿ. ನಿಮ್ಮ ಫೋಲ್ಡರ್ ಒಳಗೆ ರೂಟ್ ಹೆಸರಿನಲ್ಲಿ ಒಂದು ಫೈಲ್ ಮಾಡಿ, 444 ಕೊಡಿ. ಅಂದರೆ ಯಾರಿಗೂ ಬರೆಯುವ ಹಕ್ಕಿಲ್ಲ. ಆಮೇಲೆ ನಿಮ್ಮ ಅಕೌಂಟ್‌ನಿಂದ ಅದನ್ನು ಅಳಿಸಿ. ನಿಜಕ್ಕೂ ಅಳಿಸಬೇಕಾ ಅಂತ ಒಮ್ಮೆ ಕೇಳುತ್ತದೆ, ವೈ ಒತ್ತಿದರೆ ಫೈಲ್ ಹೋಯಿತು. ಫೈಲನ್ನು ಬರೆಯದ ಹಾಗೆ ಮಾಡಿದ್ದೇನೆ, ಇನ್ನು ಯಾರೂ ಅಳಿಸುವುದಿಲ್ಲ ಅಂತ ನಂಬಿ ಕೂತವರು ತುಂಬಾ ಜನ. ಅಳಿಸುವುದು ಅಂದರೆ ಪಟ್ಟಿಯಿಂದ ಹೆಸರು ತೆಗೆಯುವುದು, ಪಟ್ಟಿ ಇರುವುದು ಫೋಲ್ಡರ್‌ನಲ್ಲಿ.

ಒಬ್ಬರ ಫೈಲ್ ಇನ್ನೊಬ್ಬರು ಅಳಿಸಬಾರದು ಅನ್ನುವ ಫೋಲ್ಡರ್ ಇದ್ದರೆ ಅದಕ್ಕೆ ಸ್ಟಿಕಿ ಬಿಟ್ ಇದೆ, ನಂಬರ್‌ನ ಮುಂದೆ 1. /ಟಿಎಂಪಿ ಫೋಲ್ಡರ್ 1777 ಇರುವುದು ಇದಕ್ಕೇ. ಅಲ್ಲಿ ಎಲ್ಲರೂ ಬರೆಯಬಹುದು, ಅಳಿಸಲು ಮಾತ್ರ ಫೈಲಿನ ಓನರ್, ಫೋಲ್ಡರ್‌ನ ಓನರ್ ಅಥವಾ ರೂಟ್ ಆಗಿರಬೇಕು. ಟೀಮ್ ಫೋಲ್ಡರ್‌ಗೆ ಸಾಮಾನ್ಯವಾಗಿ ಇದು ಬೇಡ.

ಗ್ರೂಪ್ ಮಾಡಿ, ಜನರನ್ನು ಸೇರಿಸಿ

ಗ್ರೂಪ್ ಮಾಡುವುದು ಒಂದೇ ಸಾಲು (ಮುಂದಿರುವ ಸುಡೋ ಅಂದರೆ ರೂಟ್ ಹಕ್ಕಿನಲ್ಲಿ ಓಡಿಸು ಅಂತ):

ಸುಡೋ ಗ್ರೂಪ್‌ಆ್ಯಡ್ ವೆಬ್‌ಟೀಮ್

ಡೆವ್1 ಅನ್ನುವ ಅಕೌಂಟನ್ನು ಸೇರಿಸುವುದು ಹೀಗೆ:

ಸುಡೋ ಯೂಸರ್‌ಮಾಡ್ -ಎಜಿ ವೆಬ್‌ಟೀಮ್ ಡೆವ್1

ಇಲ್ಲಿ ಎ ಸಣ್ಣದು, ಜಿ ದೊಡ್ಡದು. ಆ ಸಣ್ಣ ಎ ಬಿಟ್ಟರೆ ಏನಾಗುತ್ತದೆ ಅಂತ ನನಗೆ ಅನುಭವದಿಂದಲೇ ಗೊತ್ತು. ಎ ಅಂದರೆ ‘ಇರುವುದಕ್ಕೆ ಸೇರಿಸು’. ಅದಿಲ್ಲದೆ ದೊಡ್ಡ ಜಿ ಮಾತ್ರ ಕೊಟ್ಟರೆ ‘ಇನ್ನು ಮುಂದೆ ಈ ಗ್ರೂಪ್ ಮಾತ್ರ ಇರಲಿ’ ಅಂತ ಅರ್ಥ. ನಾನು ರಾತ್ರಿ ಹತ್ತೂವರೆಗೆ ನನ್ನದೇ ಅಕೌಂಟನ್ನು ಹೀಗೆ ಗ್ರೂಪ್‌ಗೆ ಸೇರಿಸಿಕೊಂಡೆ. ಸುಡೋ ಗ್ರೂಪ್‌ನಿಂದ ನನ್ನ ಹೆಸರು ಹೋಯಿತು. ತಕ್ಷಣ ಏನೂ ಗೊತ್ತಾಗಲಿಲ್ಲ, ಯಾಕೆಂದರೆ ಆಗಲೇ ತೆರೆದಿದ್ದ ಟರ್ಮಿನಲ್‌ಗೆ ಹಳೆಯ ಗ್ರೂಪ್‌ಗಳೇ ಇದ್ದವು. ಅದನ್ನು ಮುಚ್ಚಿ ಬೆಳಿಗ್ಗೆ ಲಾಗಿನ್ ಆದಾಗ ಸುಡೋ ಇಲ್ಲ. ರೂಟ್ ಪಾಸ್‌ವರ್ಡ್ ಕೂಡ ಇಟ್ಟಿರಲಿಲ್ಲ. ಕೊನೆಗೆ ರೆಸ್ಕ್ಯೂ ಮೋಡ್‌ನಲ್ಲಿ ಸರ್ವರ್ ಎಬ್ಬಿಸಿ ಸರಿಮಾಡಬೇಕಾಯಿತು, ಅಷ್ಟು ಹೊತ್ತು ಸೈಟ್ ಬಂದ್. ಅಂದಿನಿಂದ ನಾನು ಬೇರೆ ಕಮಾಂಡ್ ಬಳಸುತ್ತೇನೆ:

ಸುಡೋ ಜಿಪಾಸ್‌ವಿಡಿ -ಎ ಡೆವ್1 ವೆಬ್‌ಟೀಮ್

ಟೈಪ್ ಮಾಡುವಾಗ ಜಿ, ಪಿ, ಎ, ಎಸ್, ಎಸ್, ಡಬ್ಲ್ಯೂ, ಡಿ. ಇದು ಸೇರಿಸುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ತೆಗೆಯಲು -ಎ ಬದಲು -ಡಿ. ಇದರಲ್ಲಿ ಮೊದಲು ಹೆಸರು, ಆಮೇಲೆ ಗ್ರೂಪ್. ಯೂಸರ್‌ಮಾಡ್‌ನಲ್ಲಿ ಇದ್ದದ್ದಕ್ಕೆ ಉಲ್ಟಾ, ಗಮನ ಇರಲಿ.

ಸೇರಿಸಿದ ಮೇಲೆ ‘ಐಡಿ ಡೆವ್1’ ಅಂತ ಕೊಟ್ಟು ನೋಡಿ. ಹೆಸರು ಬಂದಿದೆ, ಆದರೂ ಅವರು ‘ನನಗೆ ಇನ್ನೂ ಆಗ್ತಿಲ್ಲ’ ಅನ್ನುತ್ತಾರೆ. ಗ್ರೂಪ್ ಪಟ್ಟಿ ಪ್ರೋಸೆಸ್‌ಗೆ ಸಿಗುವುದು ಲಾಗಿನ್ ಆಗುವ ಹೊತ್ತಿನಲ್ಲಿ ಮಾತ್ರ. ಪೂರ್ತಿ ಲಾಗ್‌ಔಟ್ ಆಗಿ ಮತ್ತೆ ಬರಬೇಕು. ಎಡಿಟರ್‌ನ ರಿಮೋಟ್ ಕನೆಕ್ಷನ್, ಟಿಮಕ್ಸ್ ಸೆಷನ್ ಇವೆಲ್ಲ ಹಿಂದೆ ಓಡುತ್ತಲೇ ಇರುತ್ತವೆ, ಅವನ್ನೂ ಮುಚ್ಚಬೇಕು. ವೆಬ್ ಸರ್ವರ್ ಅಕೌಂಟ್‌ನ ಗ್ರೂಪ್ ಬದಲಿಸಿದರೆ ಸರ್ವೀಸ್ ರೀಸ್ಟಾರ್ಟ್ ಮಾಡಬೇಕು. ಇಷ್ಟು ಗೊತ್ತಿಲ್ಲದೆ ಎಲ್ಲ ಸರಿಯಿದ್ದರೂ ಮತ್ತೆ ಮತ್ತೆ ಪರ್ಮಿಷನ್ ಬದಲಿಸಿ, ಸರಿಯಿದ್ದದ್ದನ್ನು ಕೆಡಿಸಿಕೊಳ್ಳುವವರೇ ಜಾಸ್ತಿ.

ಇಲ್ಲಿ ಎರಡು ತಪ್ಪು ಮಾಡಬೇಡಿ, ಕೈಮುಗಿದು ಕೇಳುತ್ತೇನೆ. ಒಂದು, ವೆಬ್ ಸರ್ವರ್ ಅಕೌಂಟನ್ನು ವೆಬ್‌ಟೀಮ್ ಗ್ರೂಪ್‌ಗೆ ಸೇರಿಸುವುದು. ಸೇರಿಸಿದರೆ ಟೀಮ್ ಬರೆಯುವಲ್ಲೆಲ್ಲ ಸರ್ವರ್ ಕೂಡ ಬರೆಯಬಹುದು, 777ಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಎರಡು, ಜನರನ್ನು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಗ್ರೂಪ್‌ಗೆ ಸೇರಿಸಿ, ಇಡೀ ಸೈಟನ್ನು ಆ ಗ್ರೂಪ್‌ಗೆ ಬರೆಯುವ ಹಕ್ಕಿನ ಜೊತೆ ಕೊಡುವುದು. ಇದೂ ಅದೇ ಕಥೆ. ಸರ್ವರ್‌ಗೆ ಕೋಡ್ ಓದಲು ಬಿಡಿ, ಬರೆಯಲು ಬೇಡ.

ಫೋಲ್ಡರ್‌ಗೆ ನಿಯಮ ಕಲಿಸುವುದು

ಈಗ ಮುಖ್ಯ ಕೆಲಸ. ಮೊದಲು ಗ್ರೂಪ್ ಬದಲಿಸಿ (ಆರ್ ಇಲ್ಲಿ ದೊಡ್ಡಕ್ಷರ):

ಸುಡೋ ಸಿಎಚ್‌ಜಿಆರ್‌ಪಿ -ಆರ್ ವೆಬ್‌ಟೀಮ್ /ಎಸ್‌ಆರ್‌ವಿ/ಸೈಟ್

ಆಮೇಲೆ ಫೋಲ್ಡರ್‌ಗಳಿಗೆ ಒಂದು, ಫೈಲ್‌ಗಳಿಗೆ ಒಂದು. ಎರಡನ್ನೂ ಒಂದೇ ನಂಬರ್‌ನಲ್ಲಿ ಮುಗಿಸಲು ಹೋಗಬೇಡಿ, ಹಾಗೆ ಮಾಡಿದರೆ ಪ್ರತಿ ಚಿತ್ರವೂ ಓಡಿಸಬಹುದಾದ ಫೈಲ್ ಆಗಿ ಕೂರುತ್ತದೆ.

ಸುಡೋ ಫೈಂಡ್ /ಎಸ್‌ಆರ್‌ವಿ/ಸೈಟ್ -ಟೈಪ್ ಡಿ -ಎಕ್ಸೆಕ್ ಸಿಎಚ್‌ಮಾಡ್ 2775 {} +

ಸುಡೋ ಫೈಂಡ್ /ಎಸ್‌ಆರ್‌ವಿ/ಸೈಟ್ -ಟೈಪ್ ಎಫ್ -ಎಕ್ಸೆಕ್ ಸಿಎಚ್‌ಮಾಡ್ 664 {} +

ಸೈಟ್ ಒಳಗೆ ಓಡಿಸಬೇಕಾದ ಸ್ಕ್ರಿಪ್ಟ್ ಇದ್ದರೆ ಎರಡನೆಯ ಕಮಾಂಡ್ ಅವುಗಳ ಎಕ್ಸ್ ಕಿತ್ತುಹಾಕುತ್ತದೆ. ಆಗ ಅದರ ಬದಲು ‘ಸಿಎಚ್‌ಮಾಡ್ -ಆರ್ ಜಿ+ಆರ್‌ಡಬ್ಲ್ಯೂಎಕ್ಸ್’ ಕೊಡಿ. ಇಲ್ಲಿ ಡ್ಯಾಶ್ ಪಕ್ಕದ ಆರ್ ಮತ್ತು ಕೊನೆಯ ಎಕ್ಸ್ ದೊಡ್ಡಕ್ಷರ. ದೊಡ್ಡ ಎಕ್ಸ್‌ಗೆ ಒಂದು ಒಳ್ಳೆಯ ಗುಣವಿದೆ. ಅದು ಫೋಲ್ಡರ್‌ಗೂ, ಆಗಲೇ ಎಕ್ಸ್ ಇದ್ದ ಫೈಲ್‌ಗೂ ಮಾತ್ರ ಎಕ್ಸ್ ಕೊಡುತ್ತದೆ.

2775ರ ಮುಂದಿರುವ 2 ಇದೆಯಲ್ಲ, ಅದೇ ಸೆಟ್‌ಜಿಐಡಿ. ಸಾಮಾನ್ಯವಾಗಿ ನೀವು ಹೊಸ ಫೈಲ್ ಮಾಡಿದರೆ ಅದಕ್ಕೆ ನಿಮ್ಮ ಸ್ವಂತ ಮುಖ್ಯ ಗ್ರೂಪ್ ಅಂಟಿಕೊಳ್ಳುತ್ತದೆ. ಡೆವ್1 ಮಾಡಿದ ಫೈಲ್ ಡೆವ್1 ಗ್ರೂಪ್‌ಗೆ ಹೋಗುತ್ತದೆ, ಆ ಗ್ರೂಪ್‌ನಲ್ಲಿ ಅವರೊಬ್ಬರೇ ಇರುತ್ತಾರೆ. ಫೋಲ್ಡರ್‌ಗೆ ಸೆಟ್‌ಜಿಐಡಿ ಇದ್ದರೆ ಮಾತ್ರ ಹೊಸ ಫೈಲ್ ಫೋಲ್ಡರ್‌ನ ಗ್ರೂಪನ್ನೇ ಪಡೆಯುತ್ತದೆ. ಒಳಗೆ ಹೊಸ ಫೋಲ್ಡರ್ ಮಾಡಿದರೆ ಅದಕ್ಕೂ ಈ 2 ತಾನಾಗಿ ಬರುತ್ತದೆ. ‘ಎಲ್‌ಎಸ್ -ಎಲ್‌ಡಿ’ ಕೊಟ್ಟು ನೋಡಿದರೆ ಗ್ರೂಪ್ ಖಾನೆಯಲ್ಲಿ ಎಕ್ಸ್ ಇರಬೇಕಾದ ಕಡೆ ಎಸ್ ಕಾಣಿಸುತ್ತದೆ. ಸಣ್ಣ ಎಸ್ ಆದರೆ ಸರಿ. ದೊಡ್ಡ ಎಸ್ ಕಂಡರೆ ಅದರ ಕೆಳಗೆ ಎಕ್ಸ್ ಇಲ್ಲ ಅಂತ, ಅಂದರೆ ಗ್ರೂಪ್‌ನವರು ಒಳಗೆ ಹೋಗಲಾರರು.

ಒಂದು ಸಣ್ಣ ವಿಷಯ: ಒಮ್ಮೆ 2775 ಕೊಟ್ಟ ಫೋಲ್ಡರ್‌ಗೆ ಆಮೇಲೆ ಯಾರಾದರೂ 755 ಕೊಟ್ಟರೂ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಸಿಗುವ ಸಿಎಚ್‌ಮಾಡ್ ಆ 2ನ್ನು ತೆಗೆಯುವುದಿಲ್ಲ. ತೆಗೆಯಲೇಬೇಕಾದರೆ ಜಿ-ಎಸ್ ಅಂತ ಕೊಡಬೇಕು.

ಯೂಮಾಸ್ಕ್

ಸೆಟ್‌ಜಿಐಡಿ ಇಟ್ಟಾಯಿತು, ಹೊಸ ಫೈಲ್ ವೆಬ್‌ಟೀಮ್ ಗ್ರೂಪ್‌ನಲ್ಲೇ ಹುಟ್ಟುತ್ತಿದೆ. ಆದರೂ ಪಕ್ಕದವರಿಗೆ ತಿದ್ದಲು ಆಗುತ್ತಿಲ್ಲ. ಪರ್ಮಿಷನ್ ನೋಡಿದರೆ 644. ಗ್ರೂಪ್ ಸರಿ, ಗ್ರೂಪ್‌ಗೆ ಬರೆಯುವ ಹಕ್ಕೇ ಇಲ್ಲ.

ಫೈಲ್ ಮಾಡುವ ಪ್ರೋಗ್ರಾಂ ಸಾಮಾನ್ಯವಾಗಿ 666 ಕೇಳುತ್ತದೆ. ಅದರಲ್ಲಿ ಯಾವುದನ್ನು ಕಳೆಯಬೇಕು ಅಂತ ಹೇಳುವುದು ಯೂಮಾಸ್ಕ್. 022 ಇದ್ದರೆ 644 ಉಳಿಯುತ್ತದೆ, 002 ಇದ್ದರೆ 664. ನಮಗೆ ಬೇಕಾದದ್ದು 002. ಲಾಗಿನ್ ಶೆಲ್‌ಗಾದರೆ ಪ್ರತಿಯೊಬ್ಬರ ಪ್ರೊಫೈಲ್ ಫೈಲ್‌ನಲ್ಲಿ ‘ಯೂಮಾಸ್ಕ್ 002’ ಅಂತ ಒಂದು ಸಾಲು ಸಾಕು. ತುಂಬಾ ಜನ ಶೆಲ್‌ಗೇ ಬರುವುದಿಲ್ಲ, ಎಸ್‌ಎಫ್‌ಟಿಪಿ ಮೂಲಕ ಫೈಲ್ ಎಳೆದು ಹಾಕುತ್ತಾರೆ. ಅವರಿಗೆ ಪ್ರೊಫೈಲ್ ಫೈಲ್ ಓಡುವುದೇ ಇಲ್ಲ. ಅದಕ್ಕೆ ಎಸ್‌ಎಸ್‌ಎಚ್‌ಡಿ (ದೂರದಿಂದ ಲಾಗಿನ್ ಆಗಲು ಬಿಡುವ ಸರ್ವೀಸ್) ಕಾನ್ಫಿಗ್‌ನಲ್ಲಿ ಸಬ್‌ಸಿಸ್ಟಮ್ ಸಾಲನ್ನು ಹೀಗೆ ಬದಲಿಸಿ:

ಸಬ್‌ಸಿಸ್ಟಮ್ ಎಸ್‌ಎಫ್‌ಟಿಪಿ ಇಂಟರ್ನಲ್-ಎಸ್‌ಎಫ್‌ಟಿಪಿ -ಯು 0002

ಸಬ್‌ಸಿಸ್ಟಮ್ ಅನ್ನುವುದರ ಮೊದಲ ಅಕ್ಷರ ದೊಡ್ಡದಾಗಿ ಬರೆಯುವುದು ರೂಢಿ. ಬದಲಿಸಿದ ಮೇಲೆ ‘ಎಸ್‌ಎಸ್‌ಎಚ್‌ಡಿ -ಟಿ’ ಓಡಿಸಿ, ತಪ್ಪಿದ್ದರೆ ಅದು ಹೇಳುತ್ತದೆ. ಇದನ್ನು ಓಡಿಸಿ ನೋಡದೆ ರೀಸ್ಟಾರ್ಟ್ ಮಾಡಬೇಡಿ, ಮತ್ತು ಒಂದು ಟರ್ಮಿನಲ್ ತೆರೆದೇ ಇರಲಿ.

ಇಷ್ಟಾದರೂ ಕೆಲವು ಎಸ್‌ಎಫ್‌ಟಿಪಿ ಪ್ರೋಗ್ರಾಂಗಳು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಫೈಲ್‌ಗೆ ಇದ್ದ ಪರ್ಮಿಷನ್ ಅನ್ನೇ ಇಲ್ಲೂ ಹಾಕುತ್ತವೆ. ಅವುಗಳ ಸೆಟ್ಟಿಂಗ್‌ನಲ್ಲಿ ಪರ್ಮಿಷನ್ ಉಳಿಸಿಕೊಳ್ಳುವ ಟಿಕ್ ಇದ್ದರೆ ತೆಗೆಸಿ.

ಎಂವಿ ಮತ್ತು ಸಿಪಿ, ಕಾಣದ ವ್ಯತ್ಯಾಸ

ಎಲ್ಲ ಸರಿಯಾಗಿದೆ, ವಾರಗಟ್ಟಲೆ ತೊಂದರೆ ಇಲ್ಲ, ಒಂದು ದಿನ ಮತ್ತೆ ಯಾವುದೋ ಫೈಲ್ ಬೇರೆ ಗ್ರೂಪ್‌ನಲ್ಲಿ ಕೂತಿರುತ್ತದೆ. ಇದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ.

ಸೆಟ್‌ಜಿಐಡಿ ಕೆಲಸ ಮಾಡುವುದು ಫೈಲ್ ಹುಟ್ಟುವಾಗ ಮಾತ್ರ. ಸಿಪಿ (ಕಾಪಿ) ಮಾಡಿದರೆ ಹೊಸ ಫೈಲ್ ಹುಟ್ಟುತ್ತದೆ, ಹಾಗಾಗಿ ಸರಿಯಾದ ಗ್ರೂಪ್ ಸಿಗುತ್ತದೆ. ಅದೇ ಡಿಸ್ಕ್ ಭಾಗದೊಳಗೆ ಎಂವಿ (ಜಾಗ ಬದಲಿಸುವುದು) ಮಾಡಿದರೆ ಏನೂ ಹುಟ್ಟುವುದಿಲ್ಲ. ಹೆಸರು ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಹೋಗುತ್ತದೆ ಅಷ್ಟೇ. ಹೋಮ್ ಫೋಲ್ಡರ್‌ನಲ್ಲಿ ಡೆವ್1 ಮಾಡಿದ ಫೈಲ್, ಡೆವ್1 ಗ್ರೂಪ್‌ನ ಸಮೇತ ಸೈಟ್ ಒಳಗೆ ಬಂದು ಕೂರುತ್ತದೆ. ‘ಸಿಪಿ -ಎ’ ಕೂಡ ಹಳೆಯ ಗುಣಗಳನ್ನು ಉಳಿಸಿಕೊಳ್ಳಲು ನೋಡುತ್ತದೆ, ಅದೂ ಬೇಡ.

ಪಿಎಚ್‌ಪಿ ಅಪ್‌ಲೋಡ್‌ನಲ್ಲೂ ಇದೇ. ಬ್ರೌಸರ್‌ನಿಂದ ಬಂದ ಫೈಲ್ ಮೊದಲು ತಾತ್ಕಾಲಿಕ ಫೋಲ್ಡರ್‌ನಲ್ಲಿ ಹುಟ್ಟಿ, ಆಮೇಲೆ ಅಪ್‌ಲೋಡ್ಸ್ ಫೋಲ್ಡರ್‌ಗೆ ಸರಿಯುತ್ತದೆ. ಎರಡೂ ಒಂದೇ ಡಿಸ್ಕ್ ಭಾಗದಲ್ಲಿದ್ದರೆ ಹಳೆಯ ಗ್ರೂಪೇ ಉಳಿಯುತ್ತದೆ. ಇದಕ್ಕೆ ನಾನು ಮಾಡುವುದು ಇಷ್ಟು: ಬ್ರೌಸರ್‌ನಿಂದ ತಲುಪಲಾಗದ ಜಾಗದಲ್ಲಿ, ಆದರೆ ಅದೇ ಸೈಟ್ ಮರದೊಳಗೆ, ಒಂದು ತಾತ್ಕಾಲಿಕ ಫೋಲ್ಡರ್ ಮಾಡಿ, ಸರ್ವರ್ ಅಕೌಂಟನ್ನು ಅದರ ಓನರ್ ಮಾಡಿ, ಗ್ರೂಪ್ ವೆಬ್‌ಟೀಮ್ ಮತ್ತು ಸೆಟ್‌ಜಿಐಡಿ ಕೊಟ್ಟು, ಪಿಎಚ್‌ಪಿಯ ಅಪ್‌ಲೋಡ್_ಟಿಎಂಪಿ_ಡಿರ್ ಸೆಟ್ಟಿಂಗ್‌ನಲ್ಲಿ ಆ ದಾರಿ ಹಾಕುತ್ತೇನೆ. ಆಗ ಫೈಲ್ ಹುಟ್ಟುವಾಗಲೇ ವೆಬ್‌ಟೀಮ್ ಆಗಿ ಹುಟ್ಟುತ್ತದೆ. ಜೊತೆಗೆ ಪಿಎಚ್‌ಪಿ-ಎಫ್‌ಪಿಎಂ ಸರ್ವೀಸ್‌ಗೆ ಸಿಸ್ಟಮ್‌ಡಿ (ಸರ್ವೀಸ್‌ಗಳನ್ನು ಶುರುಮಾಡಿ ನೋಡಿಕೊಳ್ಳುವ ವ್ಯವಸ್ಥೆ) ಮೂಲಕ ಯೂಮಾಸ್ಕ್ 0002 ಕೊಡಬೇಕು, ಇಲ್ಲದಿದ್ದರೆ ಟೀಮ್‌ನವರು ಆ ಫೈಲ್‌ಗಳನ್ನು ಅಳಿಸಬಲ್ಲರು, ತಿದ್ದಲಾರರು.

ಸರ್ವರ್‌ಗೆ ಎಲ್ಲಿ ಬರೆಯಲು ಬಿಡಬೇಕು

ಅಪ್‌ಲೋಡ್ಸ್, ಕ್ಯಾಶ್, ಸೆಷನ್, ಆ್ಯಪ್‌ನ ಲಾಗ್. ಇಷ್ಟೇ. ಬೇರೆ ಎಲ್ಲ ಕಡೆ ಸರ್ವರ್ ಬರೀ ಓದುಗ.

ಸುಡೋ ಸಿಎಚ್‌ಓನ್ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ:ವೆಬ್‌ಟೀಮ್ /ಎಸ್‌ಆರ್‌ವಿ/ಸೈಟ್/ಅಪ್‌ಲೋಡ್ಸ್

ಇದಕ್ಕೆ 2775 ಇರಲಿ. ಆದರೆ ಸರ್ವರ್ ಎಲ್ಲಿ ಬರೆಯುತ್ತದೋ ಅಲ್ಲಿ ಕೋಡ್ ಓಡಬಾರದು, ಕೋಡ್ ಎಲ್ಲಿ ಓಡುತ್ತದೋ ಅಲ್ಲಿ ಸರ್ವರ್ ಬರೆಯಬಾರದು. ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ಓಡದ ಹಾಗೆ ವೆಬ್ ಸರ್ವರ್ ಕಾನ್ಫಿಗ್‌ನಲ್ಲೇ ತಡೆ ಹಾಕಿ. ಚಿತ್ರದ ಹೆಸರಿನಲ್ಲಿ ಒಂದು ಪಿಎಚ್‌ಪಿ ಫೈಲ್ ಅಪ್‌ಲೋಡ್ ಮಾಡಿ, ಬ್ರೌಸರ್‌ನಲ್ಲಿ ಅದರ ವಿಳಾಸ ತೆರೆಯುವುದು ತುಂಬಾ ಹಳೆಯ ದಾಳಿ, ಇವತ್ತಿಗೂ ನಡೆಯುತ್ತದೆ.

ಮೂರು ಖಾನೆ ಸಾಲದಾದಾಗ

ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲ್ ತಗೊಳ್ಳಿ. ಟೀಮ್ ಅದನ್ನು ತಿದ್ದಬೇಕು. ಸರ್ವರ್ ಓದಬೇಕು. ಇತರರು ನೋಡಲೇಬಾರದು. ಗ್ರೂಪ್ ಖಾನೆ ಒಂದೇ, ಅದನ್ನು ಟೀಮ್‌ಗೆ ಕೊಟ್ಟರೆ ಸರ್ವರ್‌ಗೆ ಇಲ್ಲ, ಸರ್ವರ್‌ಗೆ ಕೊಟ್ಟರೆ ಟೀಮ್‌ಗೆ ಇಲ್ಲ. ಇಲ್ಲಿ ಬೇಕಾಗುವುದು ಎಸಿಎಲ್, ಅಂದರೆ ಹೆಚ್ಚುವರಿ ಖಾನೆಗಳು.

ಸುಡೋ ಸಿಎಚ್‌ಮಾಡ್ 660 ಕಾನ್ಫಿಗ್ ಫೈಲ್

ಸುಡೋ ಸೆಟ್‌ಎಫ್‌ಎಸಿಎಲ್ -ಎಂ ಯು:ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ:ಆರ್ ಕಾನ್ಫಿಗ್ ಫೈಲ್

ಗೆಟ್‌ಎಫ್‌ಎಸಿಎಲ್ ಕೊಟ್ಟರೆ ಪೂರ್ತಿ ಪಟ್ಟಿ ಕಾಣುತ್ತದೆ. ಎಲ್‌ಎಸ್‌ನಲ್ಲಿ ಪರ್ಮಿಷನ್ ಸಾಲಿನ ಕೊನೆಗೆ ಒಂದು ಪ್ಲಸ್ ಗುರುತು ಬರುತ್ತದೆ. ಆ ಪ್ಲಸ್ ಕಂಡರೆ ಅಲ್ಲಿ ಕಾಣುವ ಅಕ್ಷರಗಳನ್ನು ಮಾತ್ರ ನಂಬಬೇಡಿ. ಯಾಕೆಂದರೆ ಎಸಿಎಲ್ ಇರುವ ಫೈಲ್‌ನಲ್ಲಿ ಗ್ರೂಪ್ ಖಾನೆಯಲ್ಲಿ ತೋರಿಸುವುದು ಮಾಸ್ಕ್. ಹೆಚ್ಚುವರಿ ಖಾನೆಗಳಿಗೆಲ್ಲ ಅದೇ ಮೇಲಿನ ಮಿತಿ. ಯಾರಾದರೂ ಗೊತ್ತಿಲ್ಲದೆ ಆ ಫೈಲ್‌ಗೆ 600 ಕೊಟ್ಟರೆ ಮಾಸ್ಕ್ ಸೊನ್ನೆಯಾಗಿ, ಎಸಿಎಲ್‌ನಲ್ಲಿ ಹೆಸರು ಇದ್ದರೂ ಸರ್ವರ್‌ಗೆ ಓದಲು ಆಗುವುದಿಲ್ಲ.

ಫೋಲ್ಡರ್‌ಗೆ -ಡಿ ಸೇರಿಸಿ ಡೀಫಾಲ್ಟ್ ಎಸಿಎಲ್ ಕೊಟ್ಟರೆ ಅಲ್ಲಿ ಹುಟ್ಟುವ ಫೈಲ್‌ಗಳಿಗೆ ಅದು ಇಳಿದುಬರುತ್ತದೆ, ಆಗ ಯೂಮಾಸ್ಕ್ ಲೆಕ್ಕಕ್ಕೇ ಬರುವುದಿಲ್ಲ. ಎಲ್ಲರ ಯೂಮಾಸ್ಕ್ ಹಿಡಿದು ಸರಿಮಾಡಲು ಆಗದ ಕಡೆ ಇದು ದೊಡ್ಡ ಉಪಕಾರ. ಹಾಗಂತ ಎಲ್ಲ ಕಡೆ ಎಸಿಎಲ್ ಹಾಕಬೇಡಿ. ಒಂದು ವರ್ಷದ ನಂತರ ಯಾರು ಯಾಕೆ ಹಾಕಿದ್ದು ಅಂತ ಯಾರಿಗೂ ನೆನಪಿರುವುದಿಲ್ಲ, ಕೆಲವು ಬ್ಯಾಕಪ್ ವಿಧಾನಗಳು ಅದನ್ನು ಉಳಿಸುವುದೂ ಇಲ್ಲ. ಫೈಲ್ ಕಾಪಿ ಮಾಡುವ ಆರ್‌ಸಿಂಕ್‌ಗೆ ದೊಡ್ಡ ಎ ಬೇರೆಯಾಗಿ ಕೊಟ್ಟರೆ ಮಾತ್ರ ಎಸಿಎಲ್ ಜೊತೆಗೆ ಹೋಗುತ್ತದೆ.

ಪರೀಕ್ಷೆ ಮಾಡುವುದು

ಮಾಡಿದ್ದು ಸರಿಯಿದೆಯೋ ಇಲ್ಲವೋ ಅಂತ ಸರ್ವರ್ ಅಕೌಂಟ್ ಆಗಿಯೇ ನಿಂತು ನೋಡಿ:

ಸುಡೋ -ಯು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಕ್ಯಾಟ್ /ಎಸ್‌ಆರ್‌ವಿ/ಸೈಟ್/ಇಂಡೆಕ್ಸ್.ಪಿಎಚ್‌ಪಿ

ಓದಲು ಆಗಬೇಕು. ಕ್ಯಾಟ್ ಬದಲು ಟಚ್ ಕೊಟ್ಟರೆ ‘ಪರ್ಮಿಷನ್ ಡಿನೈಡ್’ ಬರಬೇಕು. ಬರದಿದ್ದರೆ ಎಲ್ಲೋ ಜಾಸ್ತಿ ಬಿಟ್ಟಿದ್ದೀರಿ.

ಫೈಲ್ 664 ಇದೆ, ಫೋಲ್ಡರ್ 2775 ಇದೆ, ಆದರೂ ಸರ್ವರ್ 403 (ಪ್ರವೇಶವಿಲ್ಲ ಅನ್ನುವ ಎರರ್) ಕೊಡುತ್ತಿದೆ ಅಂದರೆ ದಾರಿ ನೋಡಿ. ಸೈಟ್ ಫೋಲ್ಡರ್ ತನಕ ಬರುವ ಪ್ರತಿ ಫೋಲ್ಡರ್‌ಗೂ ಎಕ್ಸ್ ಬೇಕು, ಮೇಲಿನಿಂದ ಕೆಳಗಿನ ತನಕ. ಇದನ್ನು ಒಂದೊಂದಾಗಿ ನೋಡುವ ಬದಲು ‘ನೇಮ್‌ಐ -ಎಲ್’ ಅಂತ ಕೊಟ್ಟು ಪೂರ್ತಿ ದಾರಿ ಬರೆಯಿರಿ. ಪ್ರತಿ ಮೆಟ್ಟಿಲಿನ ಓನರ್, ಗ್ರೂಪ್, ಪರ್ಮಿಷನ್ ಸಾಲಾಗಿ ಬರುತ್ತದೆ. ಎಲ್ಲಿ ಬಾಗಿಲು ಮುಚ್ಚಿದೆ ಅಂತ ಕಣ್ಣಿಗೆ ರಾಚುತ್ತದೆ. ಸೈಟನ್ನು ಯಾರದ್ದಾದರೂ ಹೋಮ್ ಫೋಲ್ಡರ್ ಒಳಗೆ ಇಟ್ಟವರಿಗೆ ಇದು ಜಾಸ್ತಿ ಆಗುತ್ತದೆ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳು 750 ಆಗಿ ಹುಟ್ಟುತ್ತವೆ, ಹಳೆಯ ಸರ್ವರ್‌ನಲ್ಲಿ ನಡೆಯುತ್ತಿದ್ದದ್ದು ಹೊಸದರಲ್ಲಿ ನಿಂತುಬಿಡುತ್ತದೆ. ಹೋಮ್ ತೆರೆದಿಡುವ ಬದಲು ಸೈಟನ್ನೇ ಹೊರಗೆ ತನ್ನಿ.

ರೆಡ್ ಹ್ಯಾಟ್ ಬಳಗದವರು ಇನ್ನೊಂದು ನೋಡಬೇಕು. ಪರ್ಮಿಷನ್ ಎಲ್ಲ ಸರಿಯಿದ್ದರೂ ಎಸ್‌ಇಲಿನಕ್ಸ್ ಅನ್ನುವ ಇನ್ನೊಂದು ಭದ್ರತಾ ಪದರ ತಡೆಯಬಹುದು. ‘ಎಲ್‌ಎಸ್ -ಝಡ್’ ಕೊಡಿ, ಝಡ್ ದೊಡ್ಡದು. ಸರ್ವರ್ ಓದುವ ಫೈಲ್‌ಗೂ ಬರೆಯುವ ಫೋಲ್ಡರ್‌ಗೂ ಬೇರೆ ಬೇರೆ ಲೇಬಲ್ ಇವೆ. ಸೆಮ್ಯಾನೇಜ್‌ನಲ್ಲಿ ಸರಿಯಾದ ಲೇಬಲ್ ಬರೆದು ರಿಸ್ಟೋರ್‌ಕಾನ್ ಓಡಿಸಿ. ಎಸ್‌ಇಲಿನಕ್ಸ್ ಅನ್ನೇ ಆಫ್ ಮಾಡುವುದು 777ರ ಅಣ್ಣ.

ಗಿಟ್ (ಕೋಡ್ ಬದಲಾವಣೆಗಳ ದಾಖಲೆ ಇಡುವ ಸಾಧನ) ಬಳಸಿ ಇದೇ ಫೋಲ್ಡರ್‌ನಲ್ಲಿ ಹಲವರು ಪುಲ್ ಮಾಡುತ್ತಿದ್ದರೆ ಕೋರ್.ಶೇರ್ಡ್‌ರೆಪೊಸಿಟರಿ ಸೆಟ್ಟಿಂಗ್‌ಗೆ ಗ್ರೂಪ್ ಅಂತ ಕೊಡಿ. ಇಲ್ಲದಿದ್ದರೆ ಒಬ್ಬರು ಪುಲ್ ಮಾಡಿದ ಮೇಲೆ ಇನ್ನೊಬ್ಬರಿಗೆ ಗಿಟ್‌ನ ಒಳಗಿನ ಫೋಲ್ಡರ್‌ಗಳಿಗೆ ಬರೆಯಲು ಆಗುವುದಿಲ್ಲ. 2022ರಲ್ಲಿ ಬಂದ 2.35.2ರಿಂದ ಬೇರೆಯವರು ಓನರ್ ಆಗಿರುವ ಫೋಲ್ಡರ್‌ನಲ್ಲಿ ಗಿಟ್ ಓಡುವುದಕ್ಕೆ ತಡೆ ಇದೆ. ಸೇಫ್.ಡೈರೆಕ್ಟರಿ ಸೆಟ್ಟಿಂಗ್‌ನಲ್ಲಿ ಆ ಒಂದು ಫೋಲ್ಡರ್‌ನ ದಾರಿ ಸೇರಿಸಿದರೆ ಸಾಕು, ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ತೆರೆಯಬೇಡಿ.

ಟೀಮ್ ಬಿಟ್ಟು ಹೋದವರು

ಸೇರಿಸುವುದು ಎಲ್ಲರಿಗೂ ನೆನಪಿರುತ್ತದೆ, ತೆಗೆಯುವುದು ಇರುವುದಿಲ್ಲ. ಯಾರಾದರೂ ಹೊರಟರೆ ಜಿಪಾಸ್‌ವಿಡಿ -ಡಿ ಮಾಡಿ ಗ್ರೂಪ್‌ನಿಂದ ತೆಗೆಯಿರಿ. ಆಮೇಲೆ ‘ಪಿಎಸ್ -ಯು’ ಕೊಟ್ಟು ಅವರ ಹೆಸರಿನಲ್ಲಿ ಏನಾದರೂ ಓಡುತ್ತಿದೆಯಾ ನೋಡಿ. ಗ್ರೂಪ್ ಸಿಗುವುದು ಲಾಗಿನ್ ಹೊತ್ತಿಗೆ ಅಂತ ಮೇಲೆ ಹೇಳಿದೆನಲ್ಲ, ತೆಗೆಯುವುದಕ್ಕೂ ಅದೇ ಮಾತು. ತೆರೆದಿರುವ ಸೆಷನ್‌ಗೆ ಹಳೆಯ ಹಕ್ಕು ಹಾಗೇ ಇರುತ್ತದೆ, ಅದನ್ನು ಕೊನೆಗಾಣಿಸಬೇಕು. ಅವರ ಎಸ್‌ಎಸ್‌ಎಚ್ ಕೀ ಬೇರೆ ಅಕೌಂಟ್‌ಗಳಲ್ಲಿ ಇದ್ದರೆ ಅಲ್ಲಿಂದಲೂ ತೆಗೆಯಿರಿ. ಹೋಗುವವರ ಮೇಲೆ ಅನುಮಾನ ಅಂತಲ್ಲ. ಅವರ ಲ್ಯಾಪ್‌ಟಾಪ್ ನಾಳೆ ಕಳೆದುಹೋದರೆ ಅದರ ಭಾರ ಅವರ ಮೇಲೂ ಇರಬಾರದು, ಅಲ್ವಾ?

ಅಕೌಂಟ್ ಅಳಿಸುವ ಮುಂಚೆ ಅವರ ಫೈಲ್‌ಗಳನ್ನು ಬೇರೆಯವರ ಹೆಸರಿಗೆ ಮಾಡಿ:

ಸುಡೋ ಫೈಂಡ್ /ಎಸ್‌ಆರ್‌ವಿ/ಸೈಟ್ -ಯೂಸರ್ ಡೆವ್1 -ಎಕ್ಸೆಕ್ ಸಿಎಚ್‌ಓನ್ -ಎಚ್ ಡೆವ್2 {} +

ಸಿಎಚ್‌ಓನ್ ಪಕ್ಕದ -ಎಚ್ ಸಣ್ಣದು. ಅದು ಇದ್ದರೆ ಲಿಂಕ್ ಹಿಡಿದು ಬೇರೆ ಕಡೆಯ ಫೈಲ್‌ನ ಓನರ್ ಬದಲಾಗುವುದಿಲ್ಲ.

ಈ ಹೆಜ್ಜೆ ಬಿಡಬೇಡಿ. ಡಿಸ್ಕ್‌ನಲ್ಲಿ ಬರೆದಿರುವುದು ಹೆಸರಲ್ಲ, ಒಂದು ನಂಬರ್. ಅಕೌಂಟ್ ಅಳಿಸಿದರೂ ಫೈಲ್ ಮೇಲೆ ಆ ನಂಬರ್ ಉಳಿಯುತ್ತದೆ, ಎಲ್‌ಎಸ್‌ನಲ್ಲಿ ಹೆಸರಿನ ಜಾಗದಲ್ಲಿ 1004 ತರಹದ ಅಂಕಿ ಕಾಣುತ್ತದೆ. ಮುಂದೆ ಹೊಸಬರಿಗೆ ಅಕೌಂಟ್ ಮಾಡುವಾಗ ಅದೇ ನಂಬರ್ ಸಿಕ್ಕರೆ ಆ ಫೈಲ್‌ಗಳೆಲ್ಲ ಹೊಸಬರದ್ದಾಗುತ್ತವೆ, ಅವರಿಗೇ ಗೊತ್ತಿಲ್ಲದ ಹಾಗೆ. ನಾನು ತಿಂಗಳಿಗೊಮ್ಮೆ ಈ ಒಂದು ಸಾಲು ಓಡಿಸಿ ನೋಡುತ್ತೇನೆ, ಏನೂ ಬರದಿದ್ದರೆ ನೆಮ್ಮದಿ:

ಸುಡೋ ಫೈಂಡ್ /ಎಸ್‌ಆರ್‌ವಿ/ಸೈಟ್ -ನೋಯೂಸರ್ -ಓ -ನೋಗ್ರೂಪ್

ಅದರ ಜೊತೆಗೇ ಇನ್ನೊಂದು, ಯಾರಾದರೂ ಅವಸರದಲ್ಲಿ ಎಲ್ಲರಿಗೂ ಬರೆಯುವ ಹಕ್ಕು ಕೊಟ್ಟ ಫೈಲ್ ಇದೆಯಾ ಅಂತ ಹುಡುಕಲು:

ಸುಡೋ ಫೈಂಡ್ /ಎಸ್‌ಆರ್‌ವಿ/ಸೈಟ್ -ಪರ್ಮ್ -ಓ+ಡಬ್ಲ್ಯೂ ! -ಟೈಪ್ ಎಲ್

ಕೊನೆಯ ತುಂಡು ಲಿಂಕ್‌ಗಳನ್ನು ಬಿಡಲು. ಅವು ಯಾವಾಗಲೂ 777 ಅಂತಲೇ ತೋರಿಸುತ್ತವೆ, ಅದಕ್ಕೆ ಗಾಬರಿ ಬೇಡ. ಬೇರೆ ಏನಾದರೂ ಸಿಕ್ಕರೆ ಓ-ಡಬ್ಲ್ಯೂ ಕೊಟ್ಟು ತೆಗೆಯಿರಿ, ಮತ್ತು ಯಾರು ಮಾಡಿದ್ದು ಅಂತ ಕೇಳುವ ಮುಂಚೆ ಅವರಿಗೆ ಯಾವ ಹಕ್ಕು ಸಿಗದೆ ಹೀಗೆ ಮಾಡಬೇಕಾಯಿತು ಅಂತ ಕೇಳಿ.